ಮಳೆ ಪುಸ್ತಕದಲ್ಲಿ ಇನ್ನೊಂದು ಕಾಲಂ

ಕೊಡಗಿನ ಎಷ್ಟೋ ಕಾಫಿ ತೋಟದ ಮನೆಗಳಲ್ಲಿ ಒಂದು ಮಳೆ ಪುಸ್ತಕ ಇರುತ್ತದೆ. ಅಂಗಳದ ಮಳೆ ಮಾಪಕದಲ್ಲಿ ಬಿದ್ದ ನೀರನ್ನು ಬೆಳಿಗ್ಗೆ ಅಳೆದು ಇಂಚು, ಸೆಂಟಿನಲ್ಲಿ ಬರೆಯುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ಪೇಪರಿನಲ್ಲಿ ಮಿಲಿಮೀಟರ್ ಬಂದರೂ ನೆಂಟರು ಫೋನ್ ಮಾಡಿ ಕೇಳುವುದು ಸೆಂಟನ್ನೇ.

ನಾನು ಮಡಿಕೇರಿಯಲ್ಲಿ ಆಪ್ತಸಮಾಲೋಚಕಿ. ಶಿಸ್ತು, ಆತ್ಮಾವಲೋಕನ ಅಂತ ಬಾಯಿ ತುಂಬ ಹೇಳುತ್ತಿದ್ದವಳಿಗೆ ಅದನ್ನು ಮಾಡುವುದು ಹೇಗೆ ಅಂತ ತೋರಿಸಿಕೊಟ್ಟದ್ದು ಈ ಪುಸ್ತಕ. ಅದನ್ನು ತಂದವರು ಐವತ್ತು ದಾಟಿದ ಒಬ್ಬ ಬೆಳೆಗಾರರು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದಾಗ ಅವರ ತೋಟದ ಒಂದು ಮಗ್ಗುಲೇ ಹೋಯಿತು. ಕಾಫಿ, ಅದರ ನೆರಳಿನ ಮರ, ಮರಕ್ಕೆ ಹಬ್ಬಿದ್ದ ಕರಿಮೆಣಸು ಎಲ್ಲಾ. ಆಮೇಲೆ ಸಂಜೆಯ ಕುಡಿತ ಜಾಸ್ತಿಯಾಯಿತು. ಹೆಂಡತಿಯ ಜೊತೆ ಬಂದಿದ್ದರು. "ಮಳೆ ಸದ್ದು ಕೇಳಿದರೆ ನಿದ್ದೆ ಬರಲ್ಲ ಮೇಡಂ, ಅದಕ್ಕೇ ಕುಡಿಯೋದು" ಎಂದರು. ಹೆಂಡತಿ ಕಿಟಕಿ ನೋಡುತ್ತಾ ಕೂತಿದ್ದರು. ನಾನೂ ಆ ಮಾತನ್ನು ಪೂರ್ತಿ ನಂಬಿದೆ.

ಅಪ್ಪನ ಕಾಲದಿಂದ ಬರೆದ ಮಳೆ ಪುಸ್ತಕ ಅವರಲ್ಲಿತ್ತು. 2018ರ ಆಗಸ್ಟ್ 15ರವರೆಗೆ ಸಾಲು ತುಂಬಿದೆ. 16ರಿಂದ ಖಾಲಿ. ಮತ್ತೆ ಬರೆಯಿರಿ, ಪಕ್ಕಕ್ಕೆ ಇನ್ನೊಂದು ಕಾಲಂ ಎಳೆದು ಎಷ್ಟು ಪೆಗ್ ಅಂತಲೂ ಹಾಕಿ ಎಂದೆ. ಕುಡಿಯೋದು ಬಿಡಿ ಅಂತ ಹೇಳಲಿಲ್ಲ. (ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗುವವರು, ಬೆವರುವವರು ಒಮ್ಮೆಲೇ ಬಿಡಲೂಬಾರದು. ಫಿಟ್ಸ್ ಬರಬಹುದು. ಮೊದಲು ಡಾಕ್ಟರನ್ನು ನೋಡಬೇಕು. ಇವರಿಗೆ ಆ ಹಂತ ಬಂದಿರಲಿಲ್ಲ.)

ಎರಡನೇ ಸಲ ಬಂದಾಗ ಪುಟ ನೀಟಾಗಿತ್ತು. ಸ್ವಲ್ಪ ಜಾಸ್ತಿಯೇ ನೀಟು. ಏಳು ದಿನದ ಸಾಲೂ ಒಂದೇ ಪೆನ್ನು, ಒಂದೇ ಓಟ. "ನಿಮ್ಮ ತೋಟದ ಲೆಕ್ಕ ಬರೆಯೋ ರೈಟರು ಮಳೆ ಲೆಕ್ಕ ಹೀಗೆ ಬರೆದರೆ ಏನು ಮಾಡ್ತೀರಿ?" ಎಂದು ಕೇಳಿದೆ. ನಕ್ಕುಬಿಟ್ಟರು. ಹಿಂದಿನ ರಾತ್ರಿ ಕೂತು ತುಂಬಿಸಿದ್ದಂತೆ. ನಾನೇನು ಕಮ್ಮಿ ಅಲ್ಲ. ನನ್ನ ವಾಕಿಂಗ್ ಲೆಕ್ಕವನ್ನು ಎಷ್ಟೋ ಶನಿವಾರ ಹೀಗೇ ಭರ್ತಿ ಮಾಡಿದ್ದೇನೆ.

ಮಾಪಕಕ್ಕೆ ಒಂದು ಹೊತ್ತು ಅಂತಿದೆ. ಹವಾಮಾನ ಇಲಾಖೆ ದಿನದ ಮಳೆಯನ್ನು ಬೆಳಿಗ್ಗೆ 8.30ಕ್ಕೆ ಅಳೆಯುತ್ತದೆ. ಹೊತ್ತು ತಪ್ಪಿದರೆ ನಿನ್ನೆಯದು, ಇವತ್ತಿನದು ಒಂದೇ ಡಬ್ಬಿಯಲ್ಲಿ ಸೇರಿಹೋಗುತ್ತದೆ. ನೆನಪೂ ಹಾಗೇ. ನಾಲ್ಕು ದಿನ ಬಿಟ್ಟು ಬರೆದರೆ ನಡೆದದ್ದನ್ನು ಬರೆಯುವುದಿಲ್ಲ, ನಮಗೆ ಹಿತವಾದದ್ದನ್ನು ಬರೆಯುತ್ತೇವೆ. ಇನ್ನೊಂದು: ಮಳೆ ಬಾರದ ದಿನವೂ 0 ಹಾಕಬೇಕು. ಖಾಲಿ ಬಿಟ್ಟರೆ ಮಳೆ ಬರಲಿಲ್ಲವೋ, ಅಳೆಯಲಿಲ್ಲವೋ ಅಂತ ಯಾರಿಗೆ ಗೊತ್ತು?

ಎರಡು ತಿಂಗಳಾದ ಮೇಲೆ ಎರಡೂ ಕಾಲಂ ಪಕ್ಕಪಕ್ಕ ಇಟ್ಟು ನೋಡಿದೆವು. ಮೂರು ಇಂಚು ಹೊಡೆದ ರಾತ್ರಿ ಒಂದೇ ಪೆಗ್. ಶುಕ್ರವಾರ ಮಾತ್ರ ನಾಲ್ಕು, ಐದು. ಶುಕ್ರವಾರ ಮಡಿಕೇರಿ ಸಂತೆ. ಕೈಯಲ್ಲಿ ದುಡ್ಡು, ಜೊತೆಗೆ ಯಾರೂ ಇಲ್ಲ, ಮನೆಗೆ ಹೋಗಲು ಅವಸರವೂ ಇಲ್ಲ. ಅವರು ಪುಟವನ್ನು ತುಂಬಾ ಹೊತ್ತು ನೋಡಿದರು. "ಪಾಪ, ಆ ಮಳೆ" ಎಂದರು. ಹೆಂಡತಿಗೆ ಇದು ಮೊದಲೇ ಗೊತ್ತಿತ್ತು ಅನ್ನಿಸುತ್ತದೆ.

ಯಾಕೆ ಕುಡೀತೀನಿ ಅಂತ ಅವರು ವರ್ಷಗಟ್ಟಲೆ ತಮ್ಮನ್ನೇ ಕೇಳಿಕೊಂಡಿದ್ದರು. 'ನಾನು ಯಾಕೆ ಹೀಗೆ' ಎಂಬ ಪ್ರಶ್ನೆ ಸುತ್ತಿ ಸುತ್ತಿ ಬೈಗುಳಕ್ಕೇ ಬಂದು ನಿಲ್ಲುತ್ತದೆ. ಯಾವ ದಿನ, ಎಲ್ಲಿ, ಯಾರ ಜೊತೆ ಅಂತ ಕೇಳಿದರೆ ಹಿಡಿಯಲು ಏನಾದರೂ ಸಿಗುತ್ತದೆ. ಶಿಸ್ತು ಅಂದರೆ ಹಲ್ಲು ಕಚ್ಚಿಕೊಂಡು ಇರುವುದು ಅಂತ ನಾನು ನಂಬುವುದಿಲ್ಲ. ಈಗ ಸಂತೆಗೆ ಗಂಡ ಹೆಂಡತಿ ಒಟ್ಟಿಗೆ ಹೋಗುತ್ತಾರೆ. ಮಧ್ಯಾಹ್ನದ ಬಸ್ಸಿಗೆ ವಾಪಸ್. ಅಷ್ಟೇ ಬದಲಾವಣೆ.

21 ದಿನ ಮಾಡಿದರೆ ಅಭ್ಯಾಸವಾಗುತ್ತದೆ ಎಂಬ ಮಾತು ವಾಟ್ಸಾಪಿನಲ್ಲಿ ಓಡಾಡುತ್ತಿರುತ್ತದೆ, ಅಲ್ವಾ? ಲಂಡನ್ನಿನಲ್ಲಿ ಸಂಶೋಧಕಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಿಕ್ಕಿದ್ದು ಸುಮಾರು 66 ದಿನ. ಅದೂ ಒಬ್ಬರಿಗೆ 18, ಇನ್ನೊಬ್ಬರಿಗೆ 254 ಎಂಬ ಅಂದಾಜು. ನಡುವೆ ಒಂದು ದಿನ ತಪ್ಪಿದ್ದಕ್ಕೆ ಹೆಚ್ಚೇನೂ ಕೆಟ್ಟಿರಲಿಲ್ಲ. ತಪ್ಪಿದ ದಿನ 'ಎಲ್ಲಾ ಹೋಯ್ತು' ಅಂತ ಪುಸ್ತಕ ಮುಚ್ಚುವವರಿಗೆ ನಾನು ಇದನ್ನೇ ಹೇಳುವುದು.

ಕಷ್ಟ ಬಂದರೆ ಮನುಷ್ಯ ಗಟ್ಟಿಯಾಗುತ್ತಾನೆ ಅಂತ ಪರಿಹಾರ ಕೇಂದ್ರಗಳಿಗೆ ಹೋಗಿ ಹೇಳಿದವರಿದ್ದಾರೆ. ಮನೆ ಕಳೆದುಕೊಂಡವರ ಎದುರು ಆಡುವ ಮಾತಲ್ಲ ಅದು. ಆಘಾತದ ನಂತರದ ಬೆಳವಣಿಗೆಯ ಬಗ್ಗೆ 1990ರ ದಶಕದಲ್ಲಿ ಬರೆದ ಮನಶ್ಶಾಸ್ತ್ರಜ್ಞರಾದ ಟೆಡೆಸ್ಕಿ ಮತ್ತು ಕ್ಯಾಲ್ಹೂನ್ ಕೂಡ, ಬೆಳೆಸುವುದು ದುರಂತ ಅಲ್ಲ, ಆಮೇಲಿನ ಒದ್ದಾಟ ಎಂದೇ ಹೇಳಿದ್ದು. ನೋವೂ ಜೊತೆಗೇ ಇರುತ್ತದೆ. ಇವರು ಕಲಿತದ್ದು ಸಣ್ಣದು: ಮಳೆಗಾಲದಲ್ಲಿ ಮೂರು ದಿನದ ಲೆಕ್ಕ ಕೂಡಿಸುತ್ತಾರೆ. ತಾವೇ ಹಾಕಿಕೊಂಡ ಗೆರೆ ದಾಟಿದರೆ ಬಟ್ಟೆ ಚೀಲ ತಗೊಂಡು ಕುಶಾಲನಗರದ ನೆಂಟರ ಮನೆಗೆ. ಮಳೆ ಹೊಳವಾದ ಮೇಲೆ ವಾಪಸ್. ಆಗಸ್ಟ್‌ನಲ್ಲಿ ನಿದ್ದೆ ಇನ್ನೂ ಸರಿಯಾಗಿ ಬರುವುದಿಲ್ಲ.

(ರಾತ್ರಿ ಮಾತಾಡಲು ಯಾರೂ ಇಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು. ದುಡ್ಡು ಕೊಡಬೇಕಿಲ್ಲ.)

ಮೊನ್ನೆ ಪುಸ್ತಕ ತಂದಿದ್ದರು. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ದಿನದ ಸಾಲು ತೋರಿಸಿದರು. ಮಳೆ 1 ಇಂಚು 20 ಸೆಂಟು. ಖುಷಿಗೆ ಕುಡಿದಿದ್ದರಂತೆ. ಪಕ್ಕದ ಕಾಲಂನಲ್ಲಿ ನೀಲಿ ಪೆನ್ನಿನಲ್ಲಿ 1 ಅಂತ ಇತ್ತು. ಅದನ್ನು ಹೊಡೆದು ಕಪ್ಪು ಪೆನ್ನಿನಲ್ಲಿ 3 ಮಾಡಿದ್ದರು.