ಮನೆತೋಟದ ಬಗೆಗಿನ ಧೋರಣೆಗಳು: ದೇಶಗಳನ್ನು ಹೋಲಿಸುವಾಗ ಕೇಳಬೇಕಾದ ಪ್ರಶ್ನೆಗಳು

ಬೇರೆ ಬೇರೆ ದೇಶಗಳ ಜನ ಮನೆತೋಟವನ್ನು ಕಾಣುವ ಬಗೆಯನ್ನು ಹೋಲಿಸುವಾಗ, ಯಾರಿಗೆ ಗಿಡಗಳ ಮೇಲೆ ಹೆಚ್ಚು ಪ್ರೀತಿ ಎಂಬ ಲೆಕ್ಕಕ್ಕಿಳಿದರೆ ಉತ್ತರ ಹಾದಿ ತಪ್ಪುತ್ತದೆ. ಪ್ರೀತಿ ಎಲ್ಲ ಕಡೆಯೂ ಇದೆ. ಗಿಡ ಬೇರೂರಿರುವ ಮಣ್ಣಿನ ಮೇಲೆ ಹಕ್ಕು ಯಾರದು, ತೋಟ ಯಾರ ಕಣ್ಣಿಗೆ ಬೀಳುತ್ತದೆ, ಹಸಿವಿನ ಕಾಲದಲ್ಲಿ ಅದು ಯಾರ ಹೊಟ್ಟೆ ತುಂಬಿಸಿತ್ತು ಎಂದು ಕೇಳುತ್ತ ಹೋದರೆ ವ್ಯತ್ಯಾಸಗಳ ಕಾರಣ ಬಿಡಿಸಿಕೊಳ್ಳುತ್ತದೆ.

ಬ್ರಿಟನ್ನಿನಲ್ಲಿ 1908ರ ಕಾಯಿದೆಯು, ತರಕಾರಿ ಬೆಳೆಯಲು ಬಯಸುವವರಿಗೆ ತುಂಡು ಜಮೀನನ್ನು ಬಾಡಿಗೆಗೆ ಒದಗಿಸುವುದು ಸ್ಥಳೀಯ ಆಡಳಿತದ ಕರ್ತವ್ಯವೆಂದು ಸಾರಿತು. ಅಲಾಟ್‌ಮೆಂಟ್ ಎಂಬ ಈ ತುಂಡಿನ ವಾಡಿಕೆಯ ಅಳತೆ ಸುಮಾರು 250 ಚದರ ಮೀಟರ್. ಎರಡನೆಯ ಮಹಾಯುದ್ಧದಲ್ಲಿ ಆಹಾರ ತರುವ ಹಡಗುಗಳು ಮುಳುಗತೊಡಗಿದಾಗ, ಟವರ್ ಆಫ್ ಲಂಡನ್ ಕೋಟೆಯ ಕಂದಕದಲ್ಲೂ ತರಕಾರಿ ಬೆಳೆದರು.

ಜರ್ಮನಿಯ ಉದಾಹರಣೆಯನ್ನು ನಿಧಾನವಾಗಿ ಓದಬೇಕು. ಅಲ್ಲಿನ 1983ರ ಕಾಯಿದೆಯ ಪ್ರಕಾರ ನಗರವಾಸಿಗಳು ಸಂಘದ ಮೂಲಕ ಪಡೆಯುವ ತೋಟ 400 ಚದರ ಮೀಟರನ್ನು ಮೀರಬಾರದು. ಅದರೊಳಗಿನ ಪುಟ್ಟ ಮನೆ, ಚಾವಣಿಯಿರುವ ಜಗುಲಿಯೂ ಸೇರಿ, 24 ಚದರ ಮೀಟರಿಗಿಂತ ದೊಡ್ಡದಿರಬಾರದು, ಅದು ಕಾಯಂ ವಾಸಕ್ಕೆ ಯೋಗ್ಯವಾಗಿಯೂ ಇರಬಾರದು. ಸುಮಾರು ಮೂರನೆಯ ಒಂದು ಭಾಗದಲ್ಲಾದರೂ ಹಣ್ಣು, ತರಕಾರಿ ಬೆಳೆಯಬೇಕೆಂಬುದು ನ್ಯಾಯಾಲಯ ಒಪ್ಪಿದ ಅಳತೆ. ನಮಗೆ ಇದು ಅತಿ ಕಟ್ಟುನಿಟ್ಟೆಂದು ತೋರಬಹುದು. ಆದರೆ ಗುತ್ತಿಗೆ ಹಣಕ್ಕೂ ಕಾಯಿದೆಯೇ ಮಿತಿ ಹಾಕಿರುವುದರಿಂದ, ಅಷ್ಟು ಅಗ್ಗದ ನೆಲವನ್ನು ಬರೀ ಹುಲ್ಲುಹಾಸಾಗಿ ಬಿಡುವಂತಿಲ್ಲ ಎಂಬ ವಾದ ನನಗೆ ನ್ಯಾಯವಾಗಿಯೇ ಕಾಣುತ್ತದೆ.

ಅಮೆರಿಕದಲ್ಲಿ ನೆಲ ಮನೆಯ ಮಾಲೀಕನದೇ, ಆದರೆ ಮನೆಯ ಮುಂದಿನ ಅಂಗಳದ ಮೇಲೆ ಇಡೀ ಬೀದಿಯ ಕಣ್ಣಿರುತ್ತದೆ. ಹುಲ್ಲು ಎಷ್ಟೆತ್ತರ ಬೆಳೆಯಬಹುದೆಂದು ಅನೇಕ ಊರುಗಳ ಆಡಳಿತವೇ ನಿಗದಿ ಮಾಡುತ್ತದೆ. ಫ್ಲಾರಿಡಾದ ಒಂದು ಊರಿನಲ್ಲಿ ಮುಂದಿನ ಅಂಗಳದ ತರಕಾರಿಯನ್ನೇ ನಿಷೇಧಿಸಲಾಗಿತ್ತು. ಕಿತ್ತು ಹಾಕಬೇಕಾಗಿ ಬಂದ ದಂಪತಿ ನ್ಯಾಯಾಲಯದಲ್ಲಿ ಸೋತರೂ, ಕೊನೆಗೆ 2019ರಲ್ಲಿ ರಾಜ್ಯವೇ ಕಾಯಿದೆ ಮಾಡಿ ಅಂಥ ನಿಷೇಧಗಳನ್ನು ತಡೆಯಿತು. ರಷ್ಯದಲ್ಲಿ ಇಂಥ ಪ್ರಶ್ನೆಗೆ ಆಸ್ಪದ ಕಡಿಮೆ: ಸೋವಿಯತ್ ಕಾಲದಲ್ಲಿ ನಗರದ ಕುಟುಂಬಗಳಿಗೆ ಸಿಗುತ್ತಿದ್ದ 600 ಚದರ ಮೀಟರಿನ ಡಾಚಾ (ಊರಾಚೆಯ ತೋಟದ ಮನೆ) ತುಂಡುಗಳ ಆಲೂಗಡ್ಡೆ 1990ರ ದಶಕದ ಬಿಕ್ಕಟ್ಟಿನಲ್ಲಿ ಎಷ್ಟೋ ಮನೆಗಳನ್ನು ಕಾಪಾಡಿತು.

ಮುಂಬಯಿಯಲ್ಲಿ ಓದುತ್ತಿರುವ ನಮಗೆ ಹೋಲಿಕೆಯ ಇನ್ನೊಂದು ತುದಿ ಮನೆಯಲ್ಲೇ ಇದೆ. ಉಡುಪಿ, ಮಂಗಳೂರಿನ ಕಡೆಯಿಂದ ಬಂದ ಕುಟುಂಬಗಳಿಗೆ ಊರಿನ ಹಿತ್ತಿಲೆಂದರೆ ಬಸಳೆಯ ಚಪ್ಪರ, ಪತ್ರೊಡೆಗೆ ಬೇಕಾದ ಕೆಸುವಿನೆಲೆ, ಬಾಳೆ, ಮಲ್ಲಿಗೆ. ಮುಂಬಯಿಯ ಹತ್ತಿರದ ಡೊಂಬಿವಲಿಯ ನಾಲ್ಕನೆಯ ಮಹಡಿಯಲ್ಲಿ ಅದೇ ಬಸಳೆ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಬೇರೂರಿ, ತುಳಸಿಯ ಪಕ್ಕದಿಂದ ಹೊರಟು, ಕಿಟಕಿಯ ಗ್ರಿಲ್ಲನ್ನೇ ಚಪ್ಪರ ಮಾಡಿಕೊಳ್ಳುತ್ತದೆ. ಮಣ್ಣನ್ನು ನರ್ಸರಿಯಿಂದ ಚೀಲದ ಲೆಕ್ಕದಲ್ಲಿ ಕೊಂಡು ತರಬೇಕು. ಕುಂಡದ ನೀರು ಕೆಳಗಿನ ಮನೆಯವರು ಒಣಹಾಕಿದ ಬಟ್ಟೆಯ ಮೇಲೆ ಸೋರಿದರೆ ಕಟ್ಟಡದ ನಿವಾಸಿಗಳ ಸೊಸೈಟಿಗೆ ದೂರು ಹೋಗುತ್ತದೆ. ಮಳೆಗಾಲದಲ್ಲಿ ಪಾಲಿಕೆಯ ಸಿಬ್ಬಂದಿ ನೋಡುವುದು ಕುಂಡದಡಿಯ ತಟ್ಟೆಯನ್ನು, ಏಕೆಂದರೆ ಅಲ್ಲಿ ನಿಂತ ನೀರಿನಲ್ಲಿ ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮರಿ ವಾರ, ಹತ್ತು ದಿನಗಳಲ್ಲಿ ಬೆಳೆದು ಹಾರುತ್ತದೆ. ಜರ್ಮನಿಯ ನಿಯಮ ಬೆಳೆಯ ಪಾಲನ್ನು ಅಳೆದರೆ, ಇಲ್ಲಿಯ ನಿಯಮಕ್ಕೆ ನಿಂತ ನೀರೇ ಮುಖ್ಯ.

ಹೀಗಾಗಿ ಮುಂಬಯಿಯ ಬಗ್ಗೆ ಬರೆಯುವವರು ಲಂಡನ್ನಿಗಿಂತ ಟೋಕಿಯೊವನ್ನು ಎದುರಿಗಿಟ್ಟುಕೊಳ್ಳುವುದು ಲೇಸು. ಅಲ್ಲಿಯ ಹಳೆಯ ಕೇರಿಗಳಲ್ಲೂ ಅಗೆಯಲು ನೆಲವಿಲ್ಲ. ಜನ ಬಾಗಿಲ ಮುಂದೆ, ಓಣಿಯ ಅಂಚಿನಲ್ಲಿ ಕುಂಡಗಳನ್ನು ಸಾಲಾಗಿ ಇಡುತ್ತಾರೆ. ಒಂದನೆಯ ತರಗತಿಯ ಮಕ್ಕಳು ಶಾಲೆಯಲ್ಲಿ ಬೀಜ ಬಿತ್ತಿ ಬೆಳೆಸಿದ ಬಳ್ಳಿಹೂವಿನ ಕುಂಡವನ್ನು ಬೇಸಿಗೆ ರಜೆಗೆ ಮನೆಗೆ ಒಯ್ಯುವ ರೂಢಿ ಜಪಾನಿನಲ್ಲಿದೆ. ನೆಲದ ಕೊರತೆ ಎರಡೂ ನಗರಗಳಿಗೆ ಸಮಾನವಾಗಿರುವುದರಿಂದ, ಶಾಲೆ ಮತ್ತು ನೆರೆಹೊರೆ ಕುಂಡದ ಗಿಡವನ್ನು ಹೇಗೆ ಕಾಣುತ್ತವೆ ಎಂಬ ಒಂದೇ ಅಂಶವನ್ನು ಬೇರ್ಪಡಿಸಿ ಪರಿಶೀಲಿಸಲು ಈ ಜೋಡಿಯಲ್ಲಿ ಅವಕಾಶವಿದೆ.