ರಾತ್ರಿ ಅನ್ನ ಬಿಟ್ಟು ಚಪಾತಿ ತಿಂದ್ರೆ ಸಣ್ಣ ಆಗ್ತೀವಾ?

ಪ್ರಶ್ನೆ: ಮೇಡಂ, ನನಗೆ 41 ವರ್ಷ, ತೂಕ 78 ಕೆಜಿ. ಮೂರು ತಿಂಗಳಿಂದ ರಾತ್ರಿ ಅನ್ನ ಮುಟ್ಟಿಲ್ಲ, ಬರೀ ಚಪಾತಿ. ಮೊದಲು ಎರಡು ಕೆಜಿ ಇಳೀತು, ಆಮೇಲೆ ನಿಂತೋಯ್ತು. ದಿನಕ್ಕೆ ಎಷ್ಟು ಚಪಾತಿ ತಿನ್ನಬೇಕು ಹೇಳಿ. ಥೈರಾಯ್ಡ್ ಕೂಡ ಇದೆ.

ಇದೇ ಪ್ರಶ್ನೆ ಅರಕಲಗೂಡಿಂದ ಬರುತ್ತೆ, ಬೇಲೂರಿಂದ ಬರುತ್ತೆ, ಸಕಲೇಶಪುರದಿಂದ ಬರುತ್ತೆ, ವಯಸ್ಸು ತೂಕ ಬೇರೆ ಬೇರೆ, ಚಪಾತಿ ಮಾತ್ರ ಅದೇ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೆ ಈ ಸಲ ಪೂರ್ತಿ ಬರೆದುಬಿಡ್ತೀನಿ, ಇನ್ಮೇಲೆ ನಿಮ್ಮ ಅತ್ತಿಗೆನೋ ಪಕ್ಕದ್ಮನೆಯವರೋ ಕೇಳಿದ್ರೆ ಇದನ್ನೇ ಕಳಿಸಿ.

ಉತ್ತರ: ಇಲ್ಲ. ಅನ್ನದ ಜಾಗಕ್ಕೆ ಚಪಾತಿ ಬಂತು ಅನ್ನೋ ಒಂದೇ ಕಾರಣಕ್ಕೆ ಯಾರೂ ಸಣ್ಣ ಆಗಲ್ಲ.

ಲೆಕ್ಕ ನೋಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಪಟ್ಟಿ ಪ್ರಕಾರ 100 ಗ್ರಾಂ ಅಕ್ಕಿಯಲ್ಲಿ ಸುಮಾರು 356 ಕ್ಯಾಲೊರಿ, 100 ಗ್ರಾಂ ಗೋಧಿ ಹಿಟ್ಟಲ್ಲಿ ಸುಮಾರು 320, ರಾಗಿಯಲ್ಲೂ ಹೆಚ್ಚುಕಮ್ಮಿ ಅಷ್ಟೇ. ಇಷ್ಟೇ ವ್ಯತ್ಯಾಸಕ್ಕೆ ನಾವು ಅಕ್ಕೀನ ಶತ್ರು ಮಾಡಿ ಕೂರಿಸಿರೋದು. ಈಗ ನಿಮ್ಮ ಅಡುಗೆಮನೆಗೆ ಬನ್ನಿ. ಚಪಾತಿ ಹಿಟ್ಟು ಕಲೆಸುವಾಗ ಎಣ್ಣೆ, ಲಟ್ಟಿಸಿ ಮಡಿಸುವಾಗ ಪದರ ಬರ್ಲಿ ಅಂತ ಮತ್ತೆ ಎಣ್ಣೆ, ಕಾವಲಿ ಮೇಲೆ ಹಾಕಿದ್ಮೇಲೆ ಸುತ್ತಲೂ ಇನ್ನೊಂಚೂರು, ಎಲ್ಲಾ ಸೇರಿ ಒಂದು ಚಪಾತಿಗೆ ಒಂದು ಟೀ ಸ್ಪೂನ್ ಅಂತ ಕಡಿಮೇಲೇ ಇಟ್ಕೊಳ್ಳೋಣ, ಆ ಒಂದು ಸ್ಪೂನಲ್ಲೇ 45 ಕ್ಯಾಲೊರಿ. 35 ಗ್ರಾಂ ಹಿಟ್ಟಿಂದು ಮೂರು ಚಪಾತಿ ತಿಂದ್ರೆ ಹಿಟ್ಟಿಂದ 336, ಎಣ್ಣೆಯಿಂದ 135, ಒಟ್ಟು 470ರ ಹತ್ರ. ಹದವಾಗಿ ಒಂದು ತಟ್ಟೆ ಅನ್ನ, ಅಂದ್ರೆ ಬೆಂದ ಮೇಲೆ 250 ಗ್ರಾಂ, ಅದರಲ್ಲಿರೋದು 325ರ ಹತ್ರ. ಯಾಕಂದ್ರೆ ಅನ್ನದ ತೂಕದಲ್ಲಿ ಮೂರರಲ್ಲಿ ಎರಡು ಭಾಗದ ಹತ್ರ ಬರೀ ನೀರು. ಇನ್ನು ಚಪಾತಿ ಜೊತೆಗೆ ಸಾರು ಆಗಲ್ಲ ಅಂತ ತೆಂಗಿನಕಾಯಿ ರುಬ್ಬಿ ಆಲೂಗಡ್ಡೆ ಸಾಗು ಮಾಡಿರ್ತೀರಿ, ಅದನ್ನ ನಾನು ಲೆಕ್ಕಕ್ಕೇ ತಗೊಂಡಿಲ್ಲ.

"ಮತ್ತೆ ಎರಡು ಕೆಜಿ ಹೆಂಗೆ ಇಳೀತು?" ಅಂತೀರಿ. ಇಳಿದಿದ್ದು ನಿಜ. ದಿನಾ ಅನ್ನ ಬಡಿಸ್ಕೊಳ್ಳುವಾಗ ಎಷ್ಟಾಯ್ತು ಅಂತ ಗೊತ್ತಾಗಲ್ಲ, ಸಾರಿಗೊಂದು ಸಲ, ಮಜ್ಜಿಗೆಗೊಂದು ಸಲ, ಹಂಗೇ ಹೋಗುತ್ತೆ. ಚಪಾತಿ ಎಣಿಕೆಗೆ ಸಿಗುತ್ತೆ, ಎಲ್ಲರಿಗೂ ಬೇಯಿಸಿ ಸಾಕಾಗಿರುತ್ತೆ, ಮೊದಮೊದಲು ಎರಡಕ್ಕೇ ಕೈ ತೊಳೀತೀರಿ. ಊಟ ಕಡಿಮೆ ಆದಾಗ ಮೈಯಲ್ಲಿ ಸಕ್ಕರೆ ರೂಪದಲ್ಲಿ ಕೂಡಿಟ್ಟಿದ್ದು ಮೊದಲು ಖರ್ಚಾಗುತ್ತೆ, ಅದರ ಒಂದೊಂದು ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರೂ ಹೊರಗೆ ಹೋಗುತ್ತೆ. ಹಂಗಾಗಿ ಮೊದಲ ವಾರ ತೂಕದ ಮಷೀನ್ ತೋರ್ಸಿದ್ರಲ್ಲಿ ಹೆಚ್ಚಿನ ಪಾಲು ನೀರು. ಆಮೇಲೆ ಅಭ್ಯಾಸ ಆಗಿ ಎರಡು ಹೋಗಿ ಮೂರಾಯ್ತು, ಮೂರು ಸಾಲದೆ ಮಲಗೋ ಮುಂಚೆ ಎರಡು ರಸ್ಕ್ ಬಂತು, ತೂಕ ನಿಂತೋಯ್ತು.

ಚಪಾತಿ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಹಂಗೆ ಓದ್ಕೋಬೇಡಿ. ಗೋಧಿ ಹಿಟ್ಟಲ್ಲಿ ನಾರು 100 ಗ್ರಾಮಿಗೆ 11 ಗ್ರಾಂ ಇದೆ, ಪಾಲಿಶ್ ಅಕ್ಕೀಲಿ ಮೂರೂ ಇಲ್ಲ, ಹೊಟ್ಟೆ ತುಂಬಿದ ಹಾಗಾಗೋಕೆ ಆ ನಾರು ಬೇಕು. ಆದ್ರೆ ಮಿಲ್ಲಲ್ಲಿ ಬೀಸಿಸಿಕೊಂಡು ಬಂದು ಚಪಾತಿ ಬೆಳ್ಳಗೆ ಬರ್ಲಿ ಅಂತ ಜರಡಿ ಹಿಡಿದು ಬೂಸ ಹಸುವಿಗೆ ಹಾಕ್ತೀರಲ್ಲ, ನಾರು ಅಲ್ಲೇ ಹೋಯ್ತು. ಮುದ್ದೆಗೂ ಇದೇ ಮಾತು. ರಾಗೀಲಿ 100 ಗ್ರಾಮಿಗೆ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ನಮ್ಮ ಜಿಲ್ಲೆಯ ಹೆಣ್ಣುಮಕ್ಕಳ ಪುಣ್ಯ ಅದು, ಧಾರಾಳವಾಗಿ ಮಾಡ್ಕೊಳ್ಳಿ. ಆದ್ರೆ ಮುದ್ದೆ ತಿಂದ್ರೆ ತೂಕ ಏರೋದೇ ಇಲ್ಲ ಅಂತ ಎರಡು ದಪ್ಪ ಮುದ್ದೆ ಉಂಡು ಮೇಲೆ ಅನ್ನಾನೂ ಉಂಡ್ರೆ ಲೆಕ್ಕ ಅದೇ ಆಗುತ್ತೆ.

ಹಂಗಾದ್ರೆ ಬದಲಾಯಿಸಬೇಕಾದ್ದು ಏನು? ತಟ್ಟೇಲಿ ಯಾವುದಕ್ಕೆ ಎಷ್ಟು ಜಾಗ ಅನ್ನೋದು. ಬಸ್ಸಾರು ಮಾಡಿದ ದಿನ ನೋಡ್ಕೊಳ್ಳಿ, ಬಸಿದ ಸೊಪ್ಪು ಕಾಳಿನ ಪಲ್ಯ ಮೂಲೇಲಿ ಎರಡು ಸ್ಪೂನ್, ಮಧ್ಯದಲ್ಲಿ ಅನ್ನದ ರಾಶಿ. ಇದನ್ನ ತಿರುಗಿಸಿ. ಅರ್ಧ ತಟ್ಟೆ ಸೊಪ್ಪು ತರಕಾರಿ, ಕಾಲು ಭಾಗ ಕಾಳೋ ಮೊಟ್ಟೆನೋ ಮೀನೋ, ಉಳಿದ ಕಾಲು ಭಾಗದಲ್ಲಿ ಅನ್ನನೋ ಮುದ್ದೆನೋ ಚಪಾತಿನೋ ಮನೇಲಿ ಏನು ಮಾಡಿದೀರೋ ಅದು. ನಿಮಗೊಬ್ಬರಿಗೆ ಬೇರೆ ಅಡುಗೆ ಮಾಡ್ಕೊಂಡು ಎಷ್ಟು ದಿನ ನಡೆಸ್ತೀರಿ? ಅವರೆಕಾಯಿ ಸೀಸನ್ನಲ್ಲಿ ಅವರೆಕಾಳು, ಬೇರೆ ದಿನ ಹುರುಳಿ, ಅಲಸಂದೆ, ಹೆಸರುಕಾಳು, ಮೊಳಕೆ ಬರಿಸಿದ್ರೆ ಇನ್ನೂ ಒಳ್ಳೇದು. ಶುಗರ್ ಮಾತ್ರೆ ಇನ್ಸುಲಿನ್ ತಗೊಳ್ಳೋರು ಮಾತ್ರ ಊಟ ಕಡಿಮೆ ಮಾಡೋ ಮುಂಚೆ ಡಾಕ್ಟರ್ ಹತ್ರ ಮಾತಾಡ್ಲೇಬೇಕು, ಶುಗರ್ ದಿಢೀರ್ ಇಳಿದುಬಿಡಬಹುದು.

ಇನ್ನೊಂದು, ಎಲ್ಲರಿಗೂ ಬಡಿಸಿ ಕೊನೇಲಿ ಪಾತ್ರೇಲಿ ಉಳಿದಿದ್ದೆಲ್ಲಾ "ವೇಸ್ಟ್ ಆಗುತ್ತಲ್ಲ" ಅಂತ ನೀವೇ ತಿನ್ನೋದು. ಇದನ್ನ ಯಾರೂ ಪ್ರಶ್ನೇಲಿ ಬರೆಯಲ್ಲ, ಕೇಳಿದ್ರೆ ಹತ್ರಲ್ಲಿ ಎಂಟು ಜನ ಹೌದು ಅಂತಾರೆ. ನಿಮ್ಮ ತಟ್ಟೆಗೆ ಬೇಕಾದ್ದನ್ನ ಮೊದಲೇ ತೆಗೆದಿಟ್ಟುಕೊಳ್ಳಿ, ಸಾಧ್ಯ ಆದ್ರೆ ಎಲ್ಲರ ಜೊತೆ ಕೂತು ಉಣ್ಣಿ, ಉಳಿದಿದ್ದು ಫ್ರಿಜ್ಜಿಗೆ ಹೋಗ್ಲಿ. ಕಾಫಿನೂ ಹಂಗೇ, ನಮ್ಮ ಕಡೆ ದಿನಕ್ಕೆ ನಾಲ್ಕು ಲೋಟ ಮಾಮೂಲು, ಲೋಟಕ್ಕೆ ಎರಡು ಟೀ ಸ್ಪೂನ್ ಸಕ್ಕರೆ ಅಂದ್ರೆ 32 ಗ್ರಾಂ ದಾಟುತ್ತೆ, ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 25 ಗ್ರಾಂ ಒಳಗಿದ್ರೆ ಒಳ್ಳೇದು ಅನ್ನುತ್ತೆ. ಕಾಫಿ ಬಿಡಿ ಅಂತ ಹಾಸನದಲ್ಲಿ ಕೂತು ನಾನು ಹೇಳಲ್ಲ, ಸಕ್ಕರೆ ಅರ್ಧ ಮಾಡಿ.

ನಡಿಗೆ ವಾರಕ್ಕೆ 150 ನಿಮಿಷ, ಅಂದ್ರೆ ಐದು ದಿನ ಅರ್ಧ ಗಂಟೆ, ಮಾತಾಡೋಕೆ ಆಗಬೇಕು ಹಾಡೋಕೆ ಆಗಬಾರದು ಅಷ್ಟು ಬಿರುಸು. ಹಾಸನದವರು ಮಹಾರಾಜ ಪಾರ್ಕಿಗೆ ಹೋಗಿ, ಸಕಲೇಶಪುರ ಮೂಡಿಗೆರೆ ಕಡೆಯವರು ಮಳೆಗಾಲದಲ್ಲಿ ಊಟ ಆದ್ಮೇಲೆ ಮನೆ ಒಳಗೇ ಹತ್ತತ್ತು ನಿಮಿಷ ಓಡಾಡಿದ್ರೂ ನಡೆಯುತ್ತೆ. ಮೊದಲ ಗುರಿ 78ರಲ್ಲಿ ನಾಲ್ಕು ಕೆಜಿ ಸಾಕು, ತೂಕದ 5% ಇಳಿದ್ರೇನೇ ಬಿಪಿ ಶುಗರಲ್ಲಿ ಫರಕ್ ಕಾಣ್ಸುತ್ತೆ. ಜೊತೆಗೆ ಟೇಪ್ ತಗೊಂಡು ಸೊಂಟದ ಸುತ್ತಳತೆನೂ ಬರೆದಿಡಿ, ನಮ್ಮ ಹೆಂಗಸರಿಗೆ 80 ಸೆಂಟಿಮೀಟರ್ ಮೇಲೆ ಹೋದ್ರೆ ಗಮನ ಕೊಡಬೇಕು ಅಂತ ಲೆಕ್ಕ.

ಈಗ ಥೈರಾಯ್ಡ್. ನೀವು ಕೊನೇಲಿ ಒಂದೇ ಸಾಲು ಬರೆದು ಬಿಟ್ಟಿದೀರಿ, ನನಗೆ ಯೋಚನೆ ಇರೋದೇ ಅಲ್ಲಿ. ಥೈರಾಯ್ಡ್ ಕಡಿಮೆ ಕೆಲಸ ಮಾಡೋದ್ರಿಂದ ತೂಕ ಏರೋದು ಸಾಮಾನ್ಯವಾಗಿ ಎರಡರಿಂದ ನಾಲ್ಕು ಕೆಜಿ, ಅದರಲ್ಲೂ ಹೆಚ್ಚಿನದು ಮೈಯಲ್ಲಿ ಉಪ್ಪೂ ನೀರೂ ನಿಂತಿದ್ದು. ಹಂಗಂತ ಮಾತ್ರೆ ಬಗ್ಗೆ ಸಡಿಲ ಬಿಡಬೇಡಿ. ಬೆಳಿಗ್ಗೆ ಮಾತ್ರೆ ಹೆಂಗೆ ತಗೋತೀರಿ ಅಂತ ಕೇಳಿದ್ರೆ ಎಷ್ಟೋ ಜನ "ಕಾಫಿ ಜೊತೆಗೇ" ಅಂತಾರೆ! ಕಾಫಿ ಆ ಮಾತ್ರೆ ಮೈಗೆ ಹೀರ್ಕೊಳ್ಳೋದನ್ನ ಕಡಿಮೆ ಮಾಡುತ್ತೆ. ಎದ್ದ ತಕ್ಷಣ ಖಾಲಿ ಹೊಟ್ಟೇಲಿ ಬರೀ ನೀರಲ್ಲಿ ನುಂಗಿ, ಕಾಫಿ ತಿಂಡಿ ಎಲ್ಲಾ ಅರ್ಧದಿಂದ ಒಂದು ಗಂಟೆ ಆದ್ಮೇಲೆ. ಕ್ಯಾಲ್ಸಿಯಂ ಮಾತ್ರೆ, ಕಬ್ಬಿಣದ ಮಾತ್ರೆ ಇದ್ರೆ ನಾಲ್ಕು ಗಂಟೆ ಬಿಟ್ಟು, ಮಧ್ಯಾಹ್ನದ ಊಟಕ್ಕೆ ಸೇರಿಸ್ಕೊಳ್ಳಿ. ಇದುವರೆಗೂ ಕಾಫಿ ಜೊತೆ ತಗೊಳ್ತಿದ್ದು ಈಗ ಬದಲಾಯಿಸಿದ್ರೆ ಅದನ್ನ ಡಾಕ್ಟರಿಗೆ ತಿಳಿಸಿ, ಆರರಿಂದ ಎಂಟು ವಾರಕ್ಕೆ ಟಿಎಸ್‌ಎಚ್ (ಥೈರಾಯ್ಡ್ ನೋಡೋ ರಕ್ತ ಪರೀಕ್ಷೆ) ಮತ್ತೆ ಟೆಸ್ಟ್ ಮಾಡಿಸಿ, ಯಾಕಂದ್ರೆ ಅದೇ ಡೋಸ್ ಈಗ ಜಾಸ್ತಿ ಆಗ್ತಿರಬಹುದು, ಕಡಿಮೆ ಮಾಡೋದಿದ್ರೆ ಅವರೇ ಮಾಡ್ತಾರೆ.