ಕರೆಂಟ್ ಬೇಡವೆಂದ ಊರು ನಿಜಕ್ಕೂ ಇದೆಯೇ?

ಓದುಗರ ಪ್ರಶ್ನೆ: ಇಂಡೋನೇಷ್ಯಾದಲ್ಲಿ ‘ನಾಗಾ’ ಅಂತ ಒಂದು ಹಳ್ಳಿ ಇದೆಯಂತೆ. ಕರೆಂಟ್ ಕಂಬ ಹತ್ತಿರಕ್ಕೇ ಬಂದರೂ ಊರಿನವರು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲವಂತೆ. ಇದು ನಿಜವೇ? ನಿಜವಾದರೆ ಯಾಕೆ ಬೇಡ ಅಂದರು?

ನಿಜ. ಊರಿನ ಪೂರ್ತಿ ಹೆಸರು ಕಾಂಪುಂಗ್ ನಾಗಾ. ಹೆಸರು ಕೇಳಿದ ಕೂಡಲೇ ನಮ್ಮವರಿಗೆ ಹುತ್ತ, ಹಾಲು, ನಾಗಬನ ನೆನಪಾಗುತ್ತದೆ. ಇಂಡೋನೇಷ್ಯಾದ ಭಾಷೆಗೂ ‘ನಾಗ’ ಸಂಸ್ಕೃತದಿಂದಲೇ ಹೋಗಿದೆ, ಅಲ್ಲಿ ಅದು ಡ್ರ್ಯಾಗನ್ ಕೂಡ ಆಗಿದೆ. ಆದರೆ ಈ ಊರಿನ ಹೆಸರಿನಲ್ಲಿ ಹಾವೂ ಇಲ್ಲ, ಡ್ರ್ಯಾಗನ್ನೂ ಇಲ್ಲ. ಊರಿನವರಾಡುವ ಸುಂಡಾ ಭಾಷೆಯಲ್ಲಿ ‘ನಾ ಗಾವಿರ್’ ಅಂದರೆ ಕಡಿದಾದ ಇಳಿಜಾರಿನಲ್ಲಿ ಇರುವುದು. ಅದೇ ಸವೆದು ನಾಗಾ ಆಯಿತು ಅನ್ನುವುದು ಅಲ್ಲಿಯವರ ವಿವರಣೆ. ‘ಕಾಂಪುಂಗ್’ ಅಂದರೆ ಬರೀ ಹಳ್ಳಿ, ಕೇರಿ. ನಾವು ಮನೆ ಸುತ್ತ ಕಟ್ಟುವ ‘ಕಾಂಪೌಂಡ್’ ಈ ಮಲಯ್ ಪದದಿಂದಲೇ ಇಂಗ್ಲಿಷಿಗೆ ಹೋಗಿ, ಅಲ್ಲಿಂದ ನಮ್ಮ ಗೇಟಿಗೆ ಬಂದು ನಿಂತದ್ದು ಎಂದು ನಿಘಂಟುಕಾರರು ಹೇಳುತ್ತಾರೆ.

ಊರು ಇರುವುದು ಪಶ್ಚಿಮ ಜಾವಾದ ತಸಿಕ್‌ಮಲಾಯಾ ಜಿಲ್ಲೆಯಲ್ಲಿ, ಗಾರುತ್ ಪಟ್ಟಣದಿಂದ ತಸಿಕ್‌ಮಲಾಯಾಕ್ಕೆ ಹೋಗುವ ದಾರಿಯ ಪಕ್ಕದಲ್ಲೇ. ಸರ್ಕಾರದ ಲೆಕ್ಕದಲ್ಲಿ ಅದೊಂದು ಪ್ರತ್ಯೇಕ ಗ್ರಾಮವೂ ಅಲ್ಲ, ನೆಗ್ಲಾಸರಿ ಎಂಬ ಗ್ರಾಮದೊಳಗಿನ ಒಂದು ಕೇರಿ. ಕಾಡಿನೊಳಗೆ ಅಡಗಿದ ಬುಡಕಟ್ಟು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬಸ್ಸು ಓಡಾಡುವ ರಸ್ತೆಯಲ್ಲಿ ಇಳಿದು ಕೆಳಗೆ ನಡೆದರೆ ಊರು. ಆ ನಡಿಗೆ ಮಾತ್ರ ಮಂಡಿಗೆ ಪರೀಕ್ಷೆ. ಚಿವುಲಾನ್ ಎಂಬ ನದಿಯ ಕಣಿವೆಗೆ 400ಕ್ಕೂ ಹೆಚ್ಚು ಮೆಟ್ಟಿಲು ಇಳಿಯಬೇಕು. ಮೆಟ್ಟಿಲು ಒಟ್ಟು ಎಷ್ಟು ಅಂದರೆ ಎಣಿಸಿದವರು ಒಬ್ಬೊಬ್ಬರು ಒಂದೊಂದು ಲೆಕ್ಕ ಕೊಡುತ್ತಾರೆ.

ಅರ್ಧ ಇಳಿಯುವಷ್ಟರಲ್ಲಿ ಊರು ಕಾಣುತ್ತದೆ. ಮೆಟ್ಟಿಲು ಗದ್ದೆಗಳ ನಡುವೆ ಒತ್ತೊತ್ತಾಗಿ ಕೂತ ಕಪ್ಪು ಮಾಡುಗಳು, ಎಲ್ಲವೂ ಒಂದೇ ಅಚ್ಚಿನವು. ಬೇಲಿಯೊಳಗಿನ ಜಾಗ ಸುಮಾರು ಒಂದೂವರೆ ಹೆಕ್ಟೇರ್, ಅಂದರೆ ನಾಲ್ಕು ಎಕರೆಯೂ ಇಲ್ಲ. ಅದರಲ್ಲಿ ನೂರಹತ್ತರ ಆಸುಪಾಸು ಕಟ್ಟಡಗಳು, ಸುಮಾರು ಮುನ್ನೂರು ಜನ. ಮನೆಗಳ ಜೊತೆ ಒಂದು ಮಸೀದಿ, ಒಂದು ಸಭಾಮನೆ, ಒಂದು ಊರ ಕಣಜ. ಸ್ನಾನದ ಮನೆ, ಆಡಿನ ಕೊಟ್ಟಿಗೆ, ಭತ್ತ ಕುಟ್ಟುವ ಚಪ್ಪರ ಎಲ್ಲವೂ ಬಿದಿರ ಬೇಲಿಯಾಚೆ. ಭತ್ತ ಕುಟ್ಟುವ ಚಪ್ಪರವನ್ನು ಮೀನಿನ ಕೊಳದ ಮೇಲೇ ಕಟ್ಟಿರುತ್ತಾರೆ. ಒರಳಿನಿಂದ ಹಾರಿದ ತೌಡು ನೇರ ಮೀನಿನ ಬಾಯಿಗೆ.

ಕರೆಂಟಿನ ಪ್ರಶ್ನೆಗೆ ಉತ್ತರ ಬೇಕಾದರೆ ಮೊದಲು ಒಂದು ಮನೆಯನ್ನು ಹತ್ತಿರದಿಂದ ನೋಡಬೇಕು. ಮನೆ ನೆಲಕ್ಕೆ ತಾಗುವುದಿಲ್ಲ. ಚಪ್ಪಟೆ ಕಲ್ಲುಗಳ ಮೇಲೆ ಮರದ ಗಿಡ್ಡ ಕಾಲು, ಅದರ ಮೇಲೆ ನೆಲಹಾಸು. ಗೋಡೆ ಬಿದಿರಿನ ಹೆಣಿಗೆ. ಸುಣ್ಣ ಬಳಿಯಬಹುದು, ಬೇರೆ ಬಣ್ಣ ಕೂಡದು. ಮಾಡಿಗೆ ಕೆಳಗೆ ಒಣಹುಲ್ಲು ಅಥವಾ ತಾಳೆಗರಿ, ಮೇಲೆ ‘ಇಜುಕ್’. ಇಜುಕ್ ಅಂದರೆ ಬಗನಿ ಜಾತಿಯ ಒಂದು ತಾಳೆಯ ಕಾಂಡದಿಂದ ಬಿಡಿಸಿದ ಕಪ್ಪು ನಾರು, ಕುದುರೆ ಬಾಲದ ಹಾಗೆ ಇರುತ್ತದೆ. ಮಳೆಗೆ ಜಗ್ಗುವುದಿಲ್ಲ, ವರ್ಷಗಟ್ಟಲೆ ಬರುತ್ತದೆ. ಮುಂಬಾಗಿಲೂ ಅಡುಗೆಮನೆ ಬಾಗಿಲೂ ಒಂದೇ ಮಗ್ಗುಲಿಗೆ. ಹಿಂಬಾಗಿಲು ಇಟ್ಟರೆ ಮುಂದಿನಿಂದ ಬಂದ ಭಾಗ್ಯ ಹಿಂದಿನಿಂದ ಹೋಗಿಬಿಡುತ್ತದಂತೆ. ಒಳಗೆ ಕುರ್ಚಿ ಮೇಜು ಇಲ್ಲ, ಕೂರುವುದು ಚಾಪೆಯ ಮೇಲೆ.

ಹುಲ್ಲು, ನಾರು, ಬಿದಿರು, ಮರ. ಒಂದು ಮಾಡಿನ ಅಂಚು ಪಕ್ಕದ ಮನೆಯ ಮಾಡಿಗೆ ಕೈ ಚಾಚಿದಷ್ಟು ದೂರ. ಇಂಥ ಜಾಗದಲ್ಲಿ ಒಂದೇ ಒಂದು ತಂತಿ ಶಾರ್ಟ್ ಆದರೆ ಹೊತ್ತಿಕೊಳ್ಳುವುದು ಒಂದು ಮನೆಯಲ್ಲ, ಇಡೀ ಊರು. ಊರಿನವರು ಕೊಡುವ ಮೊದಲ ಕಾರಣ ಇದೇ.

ಬೆಂಕಿ ಅಂದರೆ ಏನು ಎಂದು ಅವರಿಗೆ ಯಾರೂ ಪಾಠ ಹೇಳಬೇಕಿಲ್ಲ. 1949ರ ಆಗಸ್ಟ್‌ನಲ್ಲಿ ಕಾರ್ತೊಸುವಿರ್ಯೊ ಎಂಬ ನಾಯಕ ಪಶ್ಚಿಮ ಜಾವಾದಲ್ಲಿ ಪ್ರತ್ಯೇಕ ಇಸ್ಲಾಮಿಕ್ ರಾಜ್ಯ ಘೋಷಿಸಿ ಬಂಡೆದ್ದ. ದಂಗೆ ಹತ್ತು ವರ್ಷಕ್ಕೂ ಮೀರಿ ನಡೆಯಿತು. ನಾಗಾದ ಜನ ಮುಸ್ಲಿಮರೇ, ಆದರೆ ಅವನ ಕಡೆಗೆ ವಾಲಲಿಲ್ಲ. 1956ರಲ್ಲಿ ಬಂಡುಕೋರರು ಊರನ್ನು ಸುಟ್ಟರು. ಮನೆಗಳ ಜೊತೆಗೆ ಪೂರ್ವಿಕರ ಕಾಲದ ಬರಹಗಳು, ಊರಿನ ಇತಿಹಾಸ ಹೇಳುವ ಗುರುತುಗಳೂ ಬೂದಿಯಾದವು. ಮನೆಗಳನ್ನು ಹಳೆಯ ಅಳತೆಯಲ್ಲೇ ಮತ್ತೆ ಕಟ್ಟಿಕೊಂಡರು. ಕಾಗದ ಕಟ್ಟಿಕೊಳ್ಳಲು ಬರುವುದಿಲ್ಲ. ಊರಿನ ಮೂಲ ಕೇಳಿದರೆ ಅವರು ‘ಪರಮ್ ಓಬೊರ್’ ಅನ್ನುತ್ತಾರೆ: ಪಂಜು ಆರಿಹೋಗಿದೆ.

ಇಲ್ಲಿ ಒಬ್ಬ ಚಾಣಾಕ್ಷ ಓದುಗ ಕೈ ಎತ್ತುತ್ತಾನೆ. ಕರೆಂಟ್ ಬೇಡ ಸರಿ, ಅಡುಗೆಗೆ ಸೌದೆ ಒಲೆ, ಬೆಳಕಿಗೆ ಸೀಮೆಎಣ್ಣೆ ಬುಡ್ಡಿ, ದೊಡ್ಡ ಕೆಲಸಕ್ಕೆ ಪೆಟ್ರೋಮ್ಯಾಕ್ಸ್. ಅದೂ ಬೆಂಕಿಯಲ್ಲವೇ? ನ್ಯಾಯವಾದ ಪ್ರಶ್ನೆ. ನನಗೆ ತೋಚುವ ಉತ್ತರ ಇಷ್ಟು: ಬುಡ್ಡಿಯ ಬೆಂಕಿ ಕಣ್ಣೆದುರಿಗೆ ಇರುತ್ತದೆ, ಮಲಗುವಾಗ ಊದಿ ಆರಿಸುತ್ತೀರಿ. ತಂತಿಯ ಬೆಂಕಿ ಮಾಡಿನೊಳಗೆ ಯಾರಿಗೂ ಕಾಣದ ಹಾಗೆ ಕಾದು ಕೂತಿರುತ್ತದೆ. ಅವರ ಅಡುಗೆಮನೆಯ ಗೋಡೆಯನ್ನೇ ನೋಡಿ. ಮನೆಯ ಉಳಿದ ಗೋಡೆಗಳ ಹೆಣಿಗೆ ಬಿಗಿ, ಅಡುಗೆಮನೆಯದು ಮಾತ್ರ ಬೇಕೆಂದೇ ಬಿಡಿಬಿಡಿ, ಜರಡಿಯಂತೆ. ಹೊಗೆ ಹೊರಗೆ ಹೋಗುತ್ತದೆ. ಒಲೆಯಿಂದ ಕಿಡಿ ಹಾರಿದರೆ ಹೊರಗಿದ್ದವರ ಕಣ್ಣಿಗೂ ಬೀಳುತ್ತದೆ.

ಎರಡನೆಯ ಕಾರಣ ಬೆಂಕಿಗಿಂತ ಸೂಕ್ಷ್ಮ. ಕರೆಂಟ್ ಒಂಟಿಯಾಗಿ ಬರುವುದಿಲ್ಲ. ಅದರ ಹಿಂದೆ ಫ್ರಿಜ್ಜು, ಅದರ ಹಿಂದೆ ವಾಷಿಂಗ್ ಮೆಷಿನ್ನು. ಯಾರ ಮನೆಗೆ ಬಂತು, ಯಾರ ಮನೆಗೆ ಬರಲಿಲ್ಲ ಎಂಬ ಲೆಕ್ಕ ಮರುದಿನದಿಂದಲೇ ಶುರು. ಬಣ್ಣ ಹಚ್ಚಬಾರದು, ಹಂಚು ಹೊದಿಸಬಾರದು ಎಂಬ ನಿಯಮಗಳೆಲ್ಲ ಕಾಯುತ್ತಿರುವುದು ಇದನ್ನೇ: ಹೊರಗಿನಿಂದ ನೋಡಿದರೆ ಬಡವನ ಮನೆ ಯಾವುದು, ಉಳ್ಳವನ ಮನೆ ಯಾವುದು ತಿಳಿಯಬಾರದು. ಹಾಗಂತ ಇವರನ್ನು ಸಂನ್ಯಾಸಿಗಳು ಅಂದುಕೊಳ್ಳಬೇಡಿ. ಕಾರಿನ ಬ್ಯಾಟರಿಗೆ ಸಿಕ್ಕಿಸಿದ ಕಪ್ಪುಬಿಳುಪು ಟಿವಿ ಹಲವು ಮನೆಗಳಲ್ಲಿ ಬಂದು ಕೂತಿತ್ತು.

ನಿಯಮ ಮುರಿದರೆ ಏನಾಗುತ್ತದೆ ಎಂದು ಕೇಳಿದರೆ ಒಂದೇ ಪದದ ಉತ್ತರ: ‘ಪಮಾಲಿ’. ನಮ್ಮ ಅಜ್ಜಿಯರ ‘ಮಾಡಬಾರದು ಅಂದ್ರೆ ಮಾಡಬಾರದು’ ಇದ್ದ ಹಾಗೆ, ವಾದಕ್ಕೆ ಅಲ್ಲೇ ತೆರೆ. ನದಿಯಾಚೆಯ ‘ಲವುಂಗ್ ಲಾರಾಂಗನ್’ ಎಂಬ ನಿಷಿದ್ಧ ಕಾಡಿಗೆ ಕಾಲಿಡುವುದು ಪಮಾಲಿ. ಅಲ್ಲಿ ಬಿದ್ದ ಒಣಕೊಂಬೆಯನ್ನೂ ಯಾರೂ ಎತ್ತುವುದಿಲ್ಲ. ಮೂಲಪುರುಷ ಸಿಂಗಪರಣನ ಹೆಸರು ಎತ್ತುವುದಕ್ಕೂ ಹಿಂಜರಿಕೆ. ಹತ್ತಿರದ ಸಿಂಗಪರ್ಣಾ ಎಂಬ ಪಟ್ಟಣದ ಹೆಸರು ಅದಕ್ಕೆ ಹತ್ತಿರವಾಗಿರುವುದರಿಂದ, ಊರಿನವರು ಆ ಪಟ್ಟಣವನ್ನು ಗಾಲುಂಗುಂಗ್ ಎಂದು ಕರೆಯುತ್ತಾರೆ. ಗಂಡನ ಹೆಸರು ಹೇಳಲಾಗದೆ ಸುತ್ತಿ ಬಳಸುತ್ತಿದ್ದ ಹೆಂಗಸರನ್ನು ಕಂಡವರಿಗೆ ಇದು ಹೊಸದಲ್ಲ.

ನಮ್ಮಲ್ಲಿ ಈ ಊರಿನ ಬಗ್ಗೆ ಹೇಳುವವರು ಮರೆಯುವ ಮಾತೊಂದಿದೆ. ಕರೆಂಟ್ ಬೇಡ ಎಂಬ ನಿಯಮ ಕಟ್ಟಿಹಾಕಿರುವುದು ಜಾಗವನ್ನು, ಜನರನ್ನಲ್ಲ. ಒಂದೂವರೆ ಹೆಕ್ಟೇರಿನಲ್ಲಿ ಹೊಸ ಮನೆಗೆ ಎಡೆ ಇಲ್ಲ. ಮಕ್ಕಳು ಮದುವೆಯಾಗಿ ಸಂಸಾರ ಹೂಡಿದರೆ ಬಹುಪಾಲು ಮಂದಿ ಮೆಟ್ಟಿಲು ಹತ್ತಿ ಹೊರಗೆ ಹೋಗುತ್ತಾರೆ. ಇವರಿಗೆ ‘ಸಾನಾಗಾ’ ಎಂದು ಹೆಸರು. ಎಲ್ಲರಂತೆ ಇಟ್ಟಿಗೆ ಮನೆ, ಎಲ್ಲರಂತೆ ಮೀಟರು. ವರ್ಷಕ್ಕೆ ಆರು ಸಲ, ಇಸ್ಲಾಮಿ ತಿಂಗಳುಗಳ ಲೆಕ್ಕದಲ್ಲಿ ಬರುವ ‘ಹಜಾತ್ ಸಾಸಿಹ್’ ದಿನ ಮಾತ್ರ ಕೆಳಗಿಳಿದು ಬರುತ್ತಾರೆ. ಗಂಡಸರು ಚಿವುಲಾನ್ ನದಿಯಲ್ಲಿ ಮಿಂದು, ಬಿಳಿ ನಿಲುವಂಗಿ ತೊಟ್ಟು, ಬರಿಗಾಲಲ್ಲಿ, ಕೈಯಲ್ಲೊಂದು ಪೊರಕೆ ಹಿಡಿದು ಹಿರಿಯರ ಸಮಾಧಿ ಗುಡಿಸಲು ಸಾಲಾಗಿ ಹೋಗುತ್ತಾರೆ. ಮುಂದೆ ಊರಿನ ಹಿರಿಯ ‘ಕುಂಚೆನ್’. ಮೇಲೆ ಹೋಗಿ ನೆಲೆಸಿದವನ ಜೇಬಿನಲ್ಲಿ ಮೊಬೈಲ್ ಇದ್ದರೂ ಆ ಸಾಲಿನಲ್ಲಿ ಅವನೂ ಕೆಳಗೆ ಉಳಿದವನೂ ಒಂದೇ.

ಇಷ್ಟೆಲ್ಲ ಜತನದ ಮಧ್ಯೆ ಊರಿಗೆ ನಿಜವಾದ ಸಂಕಟ ತಂದದ್ದು ಕರೆಂಟಲ್ಲ, ಸೀಮೆಎಣ್ಣೆ. 2007ರಿಂದ ಇಂಡೋನೇಷ್ಯಾ ಸರ್ಕಾರ ಸೀಮೆಎಣ್ಣೆಯ ಸಬ್ಸಿಡಿ ಇಳಿಸುತ್ತಾ ಮನೆಮನೆಗೆ ಗ್ಯಾಸ್ ಸಿಲಿಂಡರ್ ಹಂಚತೊಡಗಿತು. ಬೇರೆ ಊರುಗಳಿಗೆ ಅದು ಒಲೆ ಬದಲಿಸುವ ವಿಷಯ. ಸಿಲಿಂಡರಿನಿಂದ ಬುಡ್ಡಿ ಉರಿಯುವುದಿಲ್ಲವಲ್ಲ, ನಾಗಾದವರಿಗೆ ಅದು ಬೆಳಕಿನ ವಿಷಯವೇ ಆಯಿತು. ದುಬಾರಿ ಎಣ್ಣೆಯನ್ನು ಹುಡುಕಿ ತಂದು ಕತ್ತಲೆ ನೀಗಬೇಕಾಯಿತು.

ಹೋಗಬೇಕೆನ್ನುವವರಿಗೆ ಒಂದು ಮಾತು. ಮಂಗಳವಾರ, ಬುಧವಾರ, ಶನಿವಾರ ಹೋದರೆ ಮನೆ ನೋಡಿ, ಗದ್ದೆ ನೋಡಿ, ಚಹಾ ಕುಡಿಯಿರಿ. ಊರಿನ ಮೂಲ ಯಾವುದು, ಪೂರ್ವಿಕರು ಯಾರು ಎಂದು ಮಾತ್ರ ಕೇಳಬೇಡಿ. ಆ ಮೂರು ದಿನ ಅದನ್ನು ಹೇಳುವುದೂ ಪಮಾಲಿ.